ಬಿಸಿಯಾದ ಮೇಲೆ ಮಾತ್ರ ಮಿಸ್ಸಿಂಗ್: 2002ರ ಮಾರುತಿ 800, ಎಲ್‌ಪಿಜಿ ಕಿಟ್ ಇದೆ

ಸಾಗರ_800

ಎಲ್ಲರಿಗೂ ನಮಸ್ಕಾರ. ಗಾಡಿ 2002ರ ಮಾರುತಿ 800, ಎಂಪಿಎಫ್‌ಐ, ಅಂದರೆ ಕಾರ್ಬ್ಯುರೇಟರ್ ಬದಲು ಒಂದೊಂದು ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಬಿಡುವ ಮಾದರಿ. ಅಪ್ಪ ಕೊಂಡಿದ್ದು, ಈಗ ನನ್ನ ಕೈಗೆ ಬಂದಿದೆ. ಎಲ್‌ಪಿಜಿ ಕಿಟ್ ಆಮೇಲೆ ಹಾಕಿಸಿದ್ದು, ಆರ್‌ಸಿಯಲ್ಲಿ ಎಂಟ್ರಿ ಆಗಿದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಚೆನ್ನಾಗಿಯೇ ಇರುತ್ತದೆ. ಊರು ದಾಟಿ, ಪೂರ್ತಿ ಬಿಸಿಯಾಗಿ, ಎಲ್ಲಾದರೂ ನಿಲ್ಲಿಸಿದರೆ ಐಡಲಿಂಗ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಮಿಸ್ಸಿಂಗ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಹೊತ್ತಿಕೊಳ್ಳದಿರುವುದು) ಹೊಡೆಯಲು ಶುರು. ಸ್ಟೇರಿಂಗ್, ಗೇರ್ ಲಿವರ್, ಕನ್ನಡಿ ಎಲ್ಲಾ ನಡುಗುತ್ತವೆ. ಸೈಲೆನ್ಸರ್ ಹತ್ತಿರ ಟಪ್, ಟಪ್ ಅಂತ ಬಿಟ್ಟು ಬಿಟ್ಟು ಸದ್ದು. ಆಕ್ಸಿಲರೇಟರ್ ಒತ್ತಿದರೆ ಸರಿಹೋಗುತ್ತದೆ. 60ರಲ್ಲಿ ಹೋಗುವಾಗ ತೊಂದರೆ ಇದೆ ಅಂತಲೇ ಗೊತ್ತಾಗುವುದಿಲ್ಲ.

ಇಲ್ಲಿಯವರೆಗೆ ಬದಲಿಸಿದ್ದು: ಪ್ಲಗ್, ಪ್ಲಗ್ ವೈರ್ ಸೆಟ್, ಡಿಸ್ಟ್ರಿಬ್ಯೂಟರ್ ಕ್ಯಾಪ್, ರೋಟರ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್. ಥ್ರಾಟಲ್ ಬಾಡಿ ಬಿಚ್ಚಿ ತೊಳೆದಾಯಿತು. ಏನೂ ಬದಲಾಗಿಲ್ಲ. ಗ್ಯಾರೇಜಿನವರು ಈಗ "ಇಸಿಎಂ ಹೋಗಿರಬಹುದು, ಹಳೇದು ಒಂದು ತಂದು ಹಾಕಿ ನೋಡೋಣ" ಅನ್ನುತ್ತಿದ್ದಾರೆ. ಇಸಿಎಂ ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್. ಹಾಕಿ ನೋಡುವ ದುಡ್ಡು ನನ್ನದು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮೈಸೂರು_ಪಯಣ

ಇಸಿಎಂ ಎಲ್ಲಾ ಬಿಡಿ ಸರ್. ಇದು ಈಗಿನ ಪೆಟ್ರೋಲಿನ ಕಾಟ. ಇ20 (ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ ಮೇಲೆ ಹಳೇ ಗಾಡಿಗಳಿಗೆಲ್ಲಾ ಇದೇ ಕಥೆ. ನಮ್ಮ ಬೀದಿಯಲ್ಲೇ ಎರಡು ಗಾಡಿ ಹೀಗಾಗಿವೆ. ಟ್ಯಾಂಕ್ ಖಾಲಿ ಮಾಡಿ ಪ್ರೀಮಿಯಂ ಹಾಕಿ ನೋಡಿ.

ಕರಾವಳಿ_ಜೆನ್

ಇಲಿ ನೋಡಿದಿರಾ? ಸುಮ್ನೆ ಹೇಳುತ್ತಿಲ್ಲ. ಮಳೆ ಶುರುವಾದರೆ ಸಾಕು, ನಮ್ಮ ಕಡೆ ಬಾನೆಟ್ ಒಳಗೇ ಸಂಸಾರ ಹೂಡುತ್ತವೆ. ನನ್ನ ಮಾರುತಿ ಜೆನ್‌ನಲ್ಲಿ ಇಂಜೆಕ್ಟರ್ ವೈರಿನ ಮೇಲ್ಪದರ ಕಡಿದು ಹಾಕಿದ್ದವು. ತಾಮ್ರ ತುಂಡಾಗಿರಲಿಲ್ಲ, ಎರಡು ವೈರು ಆಗಾಗ ತಾಗಿಕೊಳ್ಳುತ್ತಿದ್ದವು. ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಟೇಪ್ ಬಿಚ್ಚಿ ನೋಡಬೇಕು.

ಇನ್ನೊಂದು, ರಾತ್ರಿ ಪೂರ್ತಿ ಕತ್ತಲೆಯಲ್ಲಿ ಬಾನೆಟ್ ಎತ್ತಿ ಎಂಜಿನ್ ಓಡಿಸಿ. ಪ್ಲಗ್ ವೈರುಗಳ ಮೇಲೆ ಸ್ಪ್ರೇ ಬಾಟಲಿಯಲ್ಲಿ ಸ್ವಲ್ಪವೇ ನೀರು ಹೊಡೆಯಿರಿ. ಲೀಕ್ ಇದ್ದರೆ ನೀಲಿ ಕಿಡಿ ಹರಿದಾಡುವುದು ಕಾಣುತ್ತದೆ. ಹೊಸ ವೈರ್ ಸೆಟ್ ಅಂದ ಮಾತ್ರಕ್ಕೆ ಒಳ್ಳೇದು ಅಂತ ನಂಬಬೇಡಿ. ಡಬ್ಬ ಮಾತ್ರ ಕಂಪನಿಯದ್ದು, ಒಳಗಿನದ್ದು ಡೂಪ್ಲಿಕೇಟ್ ಆಗಿರುವುದು ಬೇಕಾದಷ್ಟಿದೆ.

ಗ್ಯಾರೇಜ್_ಅಣ್ಣ

ಸಾಗರದವರೇ, ಇನ್ನೊಂದು ರೂಪಾಯಿ ಖರ್ಚು ಮಾಡುವ ಮೊದಲು ಮೂರು ಪ್ರಶ್ನೆಗೆ ಉತ್ತರ ಕೊಡಿ.

ಗ್ಯಾಸ್‌ನಲ್ಲೂ ಮಿಸ್ ಆಗುತ್ತದೆಯೋ, ಪೆಟ್ರೋಲಿನಲ್ಲಿ ಮಾತ್ರವೋ?
ಮೂರನೇ ಗೇರಿನಲ್ಲಿ ಏರು ಹತ್ತುವಾಗ, ಪೂರ್ತಿ ಒತ್ತಿದರೆ ಜರ್ಕ್ ಇದೆಯೋ?
ಮಿಸ್ ಆಗುತ್ತಿರುವುದು ಯಾವ ಸಿಲಿಂಡರ್?

ಮೂರನೆಯದಕ್ಕೆ ಉತ್ತರ ಇಲ್ಲದೆ ಪ್ಲಗ್, ವೈರು, ಕ್ಯಾಪು, ಇಸಿಎಂ ಅಂತ ಹೋದರೆ ಅದು ರಿಪೇರಿ ಅಲ್ಲ, ಲಾಟರಿ. ಎಂಜಿನ್ನಿಗೆ ಬೇಕಾಗಿರುವುದು ಮೂರೇ: ಸರಿಯಾದ ಹೊತ್ತಿಗೆ ಕಿಡಿ, ಸರಿಯಾದ ಅಳತೆಯ ಇಂಧನ, ಒಳಗೆ ಒತ್ತಡ. ಸಿಲಿಂಡರ್ ಯಾವುದು ಅಂತ ಗೊತ್ತಾದ ಮೇಲೆ ಆ ಒಂದರಲ್ಲಿ ಈ ಮೂರನ್ನು ನೋಡಿದರೆ ಆಯಿತು. ನಿಮ್ಮವರು ಇಷ್ಟು ಹೊತ್ತೂ ಕಿಡಿಯ ಸುತ್ತಲೇ ತಿರುಗಿದ್ದಾರೆ. ಒತ್ತಡವನ್ನು ಯಾರೂ ಮುಟ್ಟಿಲ್ಲ.

ಡೆಟ್ರಾಯಿಟ್_ಕನ್ನಡಿಗ

ಸ್ಕ್ಯಾನರ್ ಹಾಕಿದರೆ ಸಿಲಿಂಡರ್ ನಂಬರೇ ಬರುತ್ತದಲ್ವಾ? ನನ್ನ ಹತ್ತಿರ 2003ರ ಕೊರೋಲಾ ಇದೆ. ಒಂದು ದಿನ ಚೆಕ್ ಎಂಜಿನ್ ಲೈಟು ಮಿನುಗಲು ಶುರುವಾಯಿತು. ಸ್ಕ್ಯಾನರ್‌ನಲ್ಲಿ ಪಿ0302, ಅಂದರೆ ಎರಡನೇ ಸಿಲಿಂಡರ್. ಅದರಲ್ಲಿ ಒಂದೊಂದು ಪ್ಲಗ್ಗಿಗೆ ಒಂದೊಂದು ಕಾಯಿಲ್ ಇರುವುದರಿಂದ ಎರಡನೆಯದನ್ನು ಬಿಚ್ಚಿ ನಾಲ್ಕನೆಯದಕ್ಕೆ ಹಾಕಿದೆ. ಕೋಡ್ ಪಿ0304 ಆಯಿತು. ತೊಂದರೆ ಕಾಯಿಲ್ ಜೊತೆಗೇ ಹೋಯಿತಲ್ಲ, ಕಾಯಿಲ್ ಬದಲಿಸಿದೆ, ಮುಗಿಯಿತು.

ಗ್ಯಾರೇಜ್_ಅಣ್ಣ

ನಿಮ್ಮ ಗಾಡಿಗೆ ಅದು ಸರಿ ಸರ್. ಅಲ್ಲಿ ಅಮೆರಿಕದಲ್ಲಿ 1996ರಿಂದಲೇ ಓಬಿಡಿ-2 (ಗಾಡಿಯೇ ತನ್ನ ತೊಂದರೆ ಗುರುತಿಸಿ ಕೋಡ್ ತೋರಿಸುವ ವ್ಯವಸ್ಥೆ) ಕಡ್ಡಾಯ. ನಮ್ಮಲ್ಲಿ ಮಿಸ್‌ಫೈರ್ ಹಿಡಿಯುವ ಓಬಿಡಿ-2 ಬಂದಿದ್ದು 2013ರಲ್ಲಿ. 2002ರ 800ಕ್ಕೆ ಸ್ಕ್ಯಾನರ್ ಹಾಕಿದರೆ ಯಾವ ಸಿಲಿಂಡರ್ ಅಂತ ಅದು ಹೇಳುವುದಿಲ್ಲ. ಕೈಯಲ್ಲೇ ಹುಡುಕಬೇಕು. ಆದರೆ ನೀವು ಮಾಡಿದ ಅದಲು ಬದಲಿನ ಕ್ರಮ ಎಲ್ಲಾ ಗಾಡಿಗೂ ನಡೆಯುತ್ತದೆ. ಅನುಮಾನ ಇರುವ ಭಾಗವನ್ನು ಪಕ್ಕದ ಸಿಲಿಂಡರಿಗೆ ಹಾಕಿ. ತೊಂದರೆ ಅದರ ಹಿಂದೆ ಹೋದರೆ ಆ ಭಾಗ ಕೆಟ್ಟಿದೆ. ಅಲ್ಲೇ ಉಳಿದರೆ ಆ ಭಾಗ ಸರಿ ಇದೆ.

ಚೆಕ್ ಎಂಜಿನ್ ಲೈಟು ಮಿನುಗಿದರೆ ಅಂತ ಹೇಳಿದ್ದು ಒಳ್ಳೇದಾಯಿತು. ಹೊಸ ಗಾಡಿ ಇರುವವರೂ ಓದುತ್ತಿರಬಹುದು. ಸುಮ್ಮನೆ ಉರಿಯುವುದು ಬೇರೆ, ಮಿನುಗುವುದು ಬೇರೆ. ಮಿನುಗಿದರೆ ಉರಿಯದ ಪೆಟ್ರೋಲು ಹಾಗೇ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತಿದೆ ಅಂತ ಅರ್ಥ. ಎಳೆದುಕೊಂಡು ಓಡಿಸಿದರೆ ಒಳಗಿನ ಜೇನುಗೂಡು ಕರಗಿ ಕಟ್ಟಿಕೊಳ್ಳುತ್ತದೆ. ಆಮೇಲೆ ಪ್ಲಗ್ಗಿನ ಖರ್ಚಲ್ಲಿ ಮುಗಿಯುವುದಿಲ್ಲ.

ಸಾಗರ_800

ಧನ್ಯವಾದ ಅಣ್ಣ. ಗ್ಯಾಸ್‌ನಲ್ಲೂ ಆಗುತ್ತದೆ, ಪೆಟ್ರೋಲಿನಲ್ಲೂ ಆಗುತ್ತದೆ, ಎರಡರಲ್ಲೂ ಒಂದೇ ತರ. ಏರಿನಲ್ಲಿ ಜರ್ಕ್ ಇಲ್ಲ, ಪಿಕಪ್ ಸ್ವಲ್ಪ ಕಮ್ಮಿ ಅನ್ನಿಸುತ್ತದೆ ಅಷ್ಟೇ. ಯಾವ ಸಿಲಿಂಡರ್ ಅಂತ ಗೊತ್ತಿಲ್ಲ. ಮೊನ್ನೆ ಒಬ್ಬರು ಬರಿಗೈಲಿ ಪ್ಲಗ್ ವೈರ್ ಎಳೆದು ನೋಡಲು ಹೋಗಿ ಶಾಕ್ ಹೊಡೆಸಿಕೊಂಡರು. ನಾನು ಬೇಡ ಅಂದೆ.

ಗ್ಯಾರೇಜ್_ಅಣ್ಣ

ಒಳ್ಳೇದು ಮಾಡಿದಿರಿ. ಆ ವೈರಿನಲ್ಲಿ ಇರುವುದು ಸಾವಿರಾರು ವೋಲ್ಟ್. ಎಳೆದು ಗಾಳಿಯಲ್ಲಿ ಬಿಟ್ಟರೆ ಕಾಯಿಲ್ಲಿಗೂ ಪೆಟ್ಟು. ಎಂಪಿಎಫ್‌ಐ ಗಾಡಿಯಲ್ಲಿ ಅದರ ಗೊಡವೆಯೇ ಬೇಡ.

ಪೆಟ್ರೋಲಿಗೆ ಹಾಕಿ. ಎಂಜಿನ್ ಪೂರ್ತಿ ಬಿಸಿಯಾಗಿ ಮಿಸ್ಸಿಂಗ್ ಶುರುವಾಗಲಿ. ಆಮೇಲೆ ಇಂಜೆಕ್ಟರ್ ಕನೆಕ್ಟರನ್ನು ಒಂದೊಂದಾಗಿ ಬಿಚ್ಚಿ. ಒಂದು ಬಿಚ್ಚಿ, ಸದ್ದು ಕೇಳಿ, ಮತ್ತೆ ಹಾಕಿ, ಇನ್ನೊಂದು. ಚೆನ್ನಾಗಿರುವ ಸಿಲಿಂಡರಿಂದು ಬಿಚ್ಚಿದರೆ ಎಂಜಿನ್ ಇನ್ನೂ ಕುಸಿಯುತ್ತದೆ, ಮೂರು ಸಿಲಿಂಡರಿನ ಗಾಡಿಯಲ್ಲಿ ಆಫ್ ಆದರೂ ಆಗಬಹುದು. ಯಾವುದನ್ನು ಬಿಚ್ಚಿದರೆ ಏನೂ ವ್ಯತ್ಯಾಸ ಆಗುವುದಿಲ್ಲವೋ ಅದೇ ಕೆಲಸ ಮಾಡದೆ ಕೂತಿರುವುದು. ಟೈಮಿಂಗ್ ಬೆಲ್ಟ್ ಕಡೆಯಿಂದ ಒಂದು, ಎರಡು, ಮೂರು ಅಂತ ಎಣಿಸಿ.

ಇನ್ನೊಂದು ಪುಕ್ಕಟೆ ಪರೀಕ್ಷೆ. ಮಿಸ್ ಆಗುತ್ತಿರುವಾಗ ಸೈಲೆನ್ಸರ್ ಬಾಯಿಗೆ ಒಂದು ಹಾಳೆ ಹಿಡಿಯಿರಿ. ಬರೀ ಹೊರಕ್ಕೆ ತಳ್ಳುತ್ತದೆಯೋ, ನಡುನಡುವೆ ಒಳಕ್ಕೆ ಎಳೆದುಕೊಳ್ಳುತ್ತದೆಯೋ ನೋಡಿ ಹೇಳಿ.

ಮೈಸೂರು_ಪಯಣ

ಅಣ್ಣ, ನನ್ನ ಇ20 ಮಾತಿಗೆ ಯಾರೂ ಉತ್ತರ ಕೊಡಲಿಲ್ಲ 🙂

ತುಮಕೂರು_ಟಾರ್ಕ್

ನಾನು ಕೊಡುತ್ತೇನೆ. ಅವರ ಗಾಡಿ ಗ್ಯಾಸ್‌ನಲ್ಲೂ ಅದೇ ತರ ಮಿಸ್ ಆಗುತ್ತಿದೆ. ಎಲ್‌ಪಿಜಿ ಸಿಲಿಂಡರಿನಲ್ಲಿ ಎಥನಾಲ್ ಎಲ್ಲಿಂದ ಬರಬೇಕು? ಅಲ್ಲಿಗೆ ಪೆಟ್ರೋಲು, ಪೆಟ್ರೋಲ್ ಪಂಪು, ಇಂಜೆಕ್ಟರ್ ಎಲ್ಲಾ ಒಂದೇ ಏಟಿಗೆ ಪಟ್ಟಿಯಿಂದ ಆಚೆ ಹೋದವು. ಎರಡು ಇಂಧನದ ಗಾಡಿ ಇದ್ದರೆ ಇದೊಂದು ಲಾಭ.

ಆದರೆ ಇ20 ಬಗ್ಗೆ ನೀವು ಹೇಳುವುದು ಪೂರ್ತಿ ಸುಳ್ಳೂ ಅಲ್ಲ. ಬರೀ ಪೆಟ್ರೋಲು ಉರಿಯಲು ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು. ಎಥನಾಲ್‌ಗೆ 9 ಕೆಜಿ ಸಾಕು. ಶೇ. 20 ಸೇರಿಸಿದರೆ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. ಅಂದರೆ ಅದೇ ಗಾಳಿಗೆ ಇಂಧನ ಸ್ವಲ್ಪ ಜಾಸ್ತಿ ಬಿಡಬೇಕು. ಆಕ್ಸಿಜನ್ ಸೆನ್ಸರ್ ಇರುವ ಎಂಪಿಎಫ್‌ಐ ಗಾಡಿ, ಸೆನ್ಸರ್ ಸರಿ ಇದ್ದರೆ, ತಾನೇ ನೋಡಿಕೊಂಡು ಜಾಸ್ತಿ ಬಿಡುತ್ತದೆ. ಕಾರ್ಬ್ಯುರೇಟರಿಗೆ ಆ ಬುದ್ಧಿ ಇಲ್ಲ. ಜೆಟ್ಟಿನ ತೂತು ಎಷ್ಟಿದೆಯೋ ಅಷ್ಟೇ. ಮೊದಲೇ ಲೀನ್ ಟ್ಯೂನ್ (ಇಂಧನ ಕಮ್ಮಿ, ಗಾಳಿ ಜಾಸ್ತಿ) ಮಾಡಿಟ್ಟ ಕಾರ್ಬ್ಯುರೇಟರ್ ಗಾಡಿ ಆಗ ಐಡಲಿಂಗ್‌ನಲ್ಲಿ ಮಿಸ್ ಹೊಡೆಯಬಹುದು, ಒತ್ತಿದಾಗ ತಡವರಿಸಬಹುದು. ಹಳೇ ರಬ್ಬರ್ ಪೈಪು, ಡಯಾಫ್ರಮ್ ಮೆತ್ತಗಾಗುವುದು ಇನ್ನೊಂದು ತಲೆನೋವು.

ಮತ್ತೆ ಎಥನಾಲ್ ನೀರು ಎಳೆಯುತ್ತದೆ. ಮಳೆಗಾಲ ಪೂರ್ತಿ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಜಾಸ್ತಿಯಾದರೆ ಎಥನಾಲ್ ಸಮೇತ ತಳಕ್ಕೆ ಕೂರುತ್ತದೆ. ಪಂಪು ಮೊದಲು ಎಳೆಯುವುದು ಅದನ್ನೇ. ನಿಮ್ಮ ಬೀದಿಯ ಎರಡು ಗಾಡಿ ಕಾರ್ಬ್ಯುರೇಟರ್ ಗಾಡಿಗಳಾ, ನಿಂತೇ ಇದ್ದವಾ ಅಂತ ಕೇಳಿ ನೋಡಿ.

ಮೈಸೂರು_ಪಯಣ

ಒಂದು ಕಾರ್ಬ್ಯುರೇಟರ್ ಓಮ್ನಿ. ಇನ್ನೊಂದು ವಿಚಾರಿಸುತ್ತೇನೆ. ಗ್ಯಾಸ್‌ನಲ್ಲೂ ಮಿಸ್ ಆಗುತ್ತದೆ ಅನ್ನುವುದು ನಾನು ಬರೆದಾಗ ಗೊತ್ತಿರಲಿಲ್ಲ ಬಿಡಿ.

ಸಾಗರ_800

ಇವತ್ತು ಸಂಜೆ ಮಾಡಿದೆ. ಒಂದನೇ ಇಂಜೆಕ್ಟರ್ ಬಿಚ್ಚಿದರೆ ಎಂಜಿನ್ ಸತ್ತೇ ಹೋಗುತ್ತದೆ. ಎರಡನೆಯದೂ ಹಾಗೇ. ಮೂರನೆಯದು ಬಿಚ್ಚಿದರೂ ಒಂದೇ, ಹಾಕಿದರೂ ಒಂದೇ. ಆಮೇಲೆ ಇಂಜೆಕ್ಟರ್ ಮೇಲೆ ಉದ್ದದ ಸ್ಕ್ರೂಡ್ರೈವರ್ ಇಟ್ಟು ಕಿವಿ ಕೊಟ್ಟೆ. ಮೂರೂ ಟಿಕ್ ಟಿಕ್ ಅನ್ನುತ್ತಿವೆ. ಒಂದು ಮತ್ತು ಮೂರರ ಪ್ಲಗ್ ಅದಲು ಬದಲು ಮಾಡಿದೆ. ಮಿಸ್ ಮೂರರಲ್ಲೇ ಉಳಿಯಿತು.

ಹಾಳೆ ಒಳಕ್ಕೆ ಎಳೆದುಕೊಳ್ಳುತ್ತದೆ! ತಣ್ಣಗಿದ್ದಾಗ ಬರೀ ಹೊರಕ್ಕೆ. ಬಿಸಿಯಾದ ಮೇಲೆ ನಾಲ್ಕೈದು ಸಲ ತಳ್ಳಿ, ಒಂದು ಸಲ ಚಕ್ ಅಂತ ಬಾಯಿಗೆ ಅಂಟಿಕೊಳ್ಳುತ್ತದೆ. ಅಮ್ಮ ಬಾಗಿಲಲ್ಲಿ ನಿಂತು "ಇವನಿಗೆ ಏನಾಯಿತು" ಅಂತ ನೋಡುತ್ತಿದ್ದರು.

ಗ್ಯಾರೇಜ್_ಅಣ್ಣ

ಹಾಗಾದರೆ ನನಗೆ ಮುಕ್ಕಾಲು ಪಾಲು ಗೊತ್ತಾಯಿತು. ಎಕ್ಸಾಸ್ಟ್ ವಾಲ್ವ್ (ಸಿಲಿಂಡರಿನಿಂದ ಹೊಗೆ ಹೊರಗೆ ಬಿಡುವ ಕವಾಟ) ಪೂರ್ತಿ ಮುಚ್ಚುತ್ತಿಲ್ಲ. ಪಿಸ್ಟನ್ ಕೆಳಗೆ ಇಳಿಯುವಾಗ ಹೊಸ ಗಾಳಿಯ ಜೊತೆಗೆ ಸೈಲೆನ್ಸರ್ ಕಡೆಯಿಂದಲೂ ಎಳೆಯುತ್ತಿದೆ. ಹಾಳೆ ಪರೀಕ್ಷೆಯನ್ನೇ ನೆಚ್ಚಿಕೊಳ್ಳಬೇಡಿ, ಬೇರೆ ಮಿಸ್ ಇದ್ದರೂ ಕೆಲವು ಸಲ ಹಾಗೆ ಎಳೆಯುವುದುಂಟು. ಕಂಪ್ರೆಷನ್, ಅಂದರೆ ಸಿಲಿಂಡರಿನ ಒಳಗಿನ ಒತ್ತಡ, ನೋಡಲೇಬೇಕು.

ಆದರೆ ಬಿಸಿ ಇರುವಾಗಲೇ ನೋಡಿಸಿ. ಇದನ್ನು ಒತ್ತಿ ಹೇಳುತ್ತೇನೆ. ಬೆಳಿಗ್ಗೆ ಗಾಡಿ ಗ್ಯಾರೇಜಿನಲ್ಲಿ ಬಿಟ್ಟು ಬರುತ್ತೀರಿ, ಅವರು ಮಧ್ಯಾಹ್ನ ತಣ್ಣಗಿದ್ದಾಗ ಮೀಟರು ಹಾಕಿ "ಕಂಪ್ರೆಷನ್ ಓಕೆ" ಅಂತಾರೆ. ತೊಂದರೆ ಬಿಸಿಯಲ್ಲಿ ಬರುವುದಾದರೆ ಪರೀಕ್ಷೆಯೂ ಬಿಸಿಯಲ್ಲೇ ಆಗಬೇಕು. ಮೂರೂ ಪ್ಲಗ್ ಬಿಚ್ಚಿ, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ತೆಗೆದಿಡಿ, ಗ್ಯಾಸ್ ವಾಲ್ವ್ ಬಂದ್ ಮಾಡಿ. ಒಬ್ಬರು ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಲಿ. ಬ್ಯಾಟರಿ ಚೆನ್ನಾಗಿ ಚಾರ್ಜ್ ಇರಬೇಕು, ಇಲ್ಲದಿದ್ದರೆ ಮೂರೂ ಕಮ್ಮಿ ತೋರಿಸುತ್ತವೆ. ಅಂಕಿಗಿಂತ ಮೂರರ ನಡುವಿನ ವ್ಯತ್ಯಾಸ ಮುಖ್ಯ. ಚದರ ಸೆಂಟಿಮೀಟರಿಗೆ ಒಂದು ಕೆಜಿ ಆಚೆ ಈಚೆ ಇದ್ದರೆ ಪರವಾಗಿಲ್ಲ.

ಕಮ್ಮಿ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಒತ್ತಡ ಚೆನ್ನಾಗಿ ಏರಿದರೆ ರಿಂಗ್ಸ್ (ಪಿಸ್ಟನ್ ಸುತ್ತಲಿನ ಬಳೆಗಳು) ಹೋಗಿವೆ. ಏರದಿದ್ದರೆ ವಾಲ್ವು, ಇಲ್ಲವೇ ಹೆಡ್ ಗ್ಯಾಸ್ಕೆಟ್ (ಹೆಡ್ ಅಂದರೆ ವಾಲ್ವುಗಳಿರುವ ಎಂಜಿನ್ನಿನ ಮೇಲ್ಭಾಗ).

ಬೆಂಗಳೂರು_ಬಾನೆಟ್

ಅಣ್ಣ, ವ್ಯಾಕ್ಯೂಮ್ ಲೀಕ್ (ಪೈಪು ಸೇರುವ ಜಾಗದಿಂದ ಎಂಜಿನ್ನಿಗೆ ಬೇಡದ ಗಾಳಿ ನುಗ್ಗುವುದು) ಆಗಿರಬಾರದಾ? ಐಡಲಿಂಗ್‌ನಲ್ಲಿ ಮಿಸ್, ಒತ್ತಿದರೆ ಸರಿ. ಅದರ ಲಕ್ಷಣವೂ ಇದೇ. ಗ್ಯಾಸ್ ಕಿಟ್ಟಿನವರು ಮ್ಯಾನಿಫೋಲ್ಡಿಗೆ ಪೈಪು ಸೇರಿಸಿರುತ್ತಾರೆ, ಅಲ್ಲಿ ಕ್ಲಿಪ್ಪು ಸಡಿಲ ಆಗಿರಬಹುದು. ಬ್ರೇಕ್ ಬೂಸ್ಟರ್ ಪೈಪೂ ನೋಡಬೇಕು.

ಗ್ಯಾರೇಜ್_ಅಣ್ಣ

ಒಳ್ಳೇ ಪ್ರಶ್ನೆ. ಆಗಬಹುದು. ಆದರೆ ವ್ಯಾಕ್ಯೂಮ್ ಲೀಕ್ ಸಾಮಾನ್ಯವಾಗಿ ತಣ್ಣಗಿದ್ದಾಗಲೂ ಕಾಡುತ್ತದೆ, ಐಡಲಿಂಗೂ ಏರಿ ಇಳಿಯುತ್ತಿರುತ್ತದೆ. ನಿಮ್ಮ ಹತ್ತಿರ ವ್ಯಾಕ್ಯೂಮ್ ಗೇಜ್ ಇದ್ದರೆ ಎರಡನ್ನೂ ಬೇರೆ ಮಾಡಬಹುದು. ಲೀಕ್ ಇದ್ದರೆ ಮುಳ್ಳು ಒಟ್ಟಾರೆ ಕೆಳಗೆ ನಿಲ್ಲುತ್ತದೆ. ಒಂದೇ ವಾಲ್ವ್ ಕೂರದಿದ್ದರೆ ಮುಳ್ಳು ತಾಳ ಹಾಕಿದ ಹಾಗೆ ಒಂದೇ ಅಂತರದಲ್ಲಿ ಕೆಳಕ್ಕೆ ಬಿದ್ದು ಏಳುತ್ತದೆ.

ಗೇಜ್ ಓದುವಾಗ ಊರಿನ ಎತ್ತರ ಮರೆಯಬೇಡಿ. ಮಂಗಳೂರಿನಲ್ಲಿ 19, 20 ಇಂಚು (ಪಾದರಸದ ಲೆಕ್ಕ) ತೋರಿಸುವ ಎಂಜಿನ್ನೇ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 16, 17 ತೋರಿಸುತ್ತದೆ. ಪುಸ್ತಕದಲ್ಲಿರುವ ಅಂಕಿ ಬರಲಿಲ್ಲ ಅಂತ ಒಳ್ಳೇ ಎಂಜಿನ್ ಬಿಚ್ಚಿದವರಿದ್ದಾರೆ.

ಕರಾವಳಿ_ಜೆನ್

ಎಮಿಷನ್ ಟೆಸ್ಟ್ ಚೀಟಿ ಇದ್ದರೆ ಅದನ್ನೂ ನೋಡಿ. ಎಚ್‌ಸಿ (ಹೈಡ್ರೋಕಾರ್ಬನ್) ವಿಪರೀತ ಜಾಸ್ತಿ, ಸಿಓ (ಕಾರ್ಬನ್ ಮೊನಾಕ್ಸೈಡ್) ಮಾತ್ರ ಮಾಮೂಲಿ ಇದ್ದರೆ ಎಲ್ಲೋ ಇಂಧನ ಉರಿಯದೇ ಆಚೆ ಬರುತ್ತಿದೆ ಅಂತ. ಎರಡೂ ಜಾಸ್ತಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ. ಎಲ್ಲರೂ ಚೀಟಿ ತಗೊಂಡು ಡ್ಯಾಷ್‌ಬೋರ್ಡಿಗೆ ಎಸೆಯುತ್ತೇವೆ, ಓದುವುದಿಲ್ಲ.

ಸಾಗರ_800

ಚೀಟಿ ಹುಡುಕಿದೆ. ನಿಜ, ಹಿಂದಿನ ಸಲಕ್ಕಿಂತ ಎಚ್‌ಸಿ ತುಂಬಾ ಏರಿದೆ, ಸಿಓ ಹೆಚ್ಚೂಕಮ್ಮಿ ಅಷ್ಟೇ ಇದೆ.

ಬೇರೆ ಗ್ಯಾರೇಜಿಗೆ ಹೋಗಿ, ಅಲ್ಲೇ ಎದುರಿಗೆ ನಿಂತು ಬಿಸಿ ಬಿಸಿ ಇರುವಾಗಲೇ ಕಂಪ್ರೆಷನ್ ನೋಡಿಸಿದೆ. ಒಂದನೆಯದು 11.5. ಎರಡನೆಯದು 11. ಮೂರನೆಯದು 6.5! ಆಯಿಲ್ ಬಿಟ್ಟ ಮೇಲೆ ಮೂರನೆಯದು 7 ಆಯಿತು ಅಷ್ಟೇ.

ಮೆಕ್ಯಾನಿಕ್ "ಹೆಡ್ ಇಳಿಸಬೇಕು" ಅಂದರು. ಇಳಿಸಲಾ?

ಗ್ಯಾರೇಜ್_ಅಣ್ಣ

ನಿಲ್ಲಿ ನಿಲ್ಲಿ. ಮೊದಲು ಟ್ಯಾಪೆಟ್ (ವಾಲ್ವನ್ನು ಒತ್ತಿ ತೆರೆಯುವ ಭಾಗ) ಕವರ್ ತೆಗೆಸಿ. ಎಂಜಿನ್ ರಾತ್ರಿ ಪೂರ್ತಿ ತಣ್ಣಗಾಗಿರಲಿ. ಮೂರನೇ ಪಿಸ್ಟನ್ನನ್ನು ಕಂಪ್ರೆಷನ್ ಟಾಪಿಗೆ ತಂದು, ಎಕ್ಸಾಸ್ಟ್ ಟ್ಯಾಪೆಟ್ಟಿನ ಗ್ಯಾಪಿಗೆ ಫೀಲರ್ ಗೇಜಿನ ತೀರಾ ತೆಳು ಎಲೆ ಹಾಕಿ ನೋಡಿ. ನುಗ್ಗುವುದಿಲ್ಲ ಅಂತ ನನ್ನ ಅಂದಾಜು.

ಯಾಕೆ ಅಂದರೆ, ವಾಲ್ವ್ ಬಿಸಿಯಾದರೆ ಉದ್ದ ಆಗುತ್ತದೆ. ಅದಕ್ಕೇ ತಣ್ಣಗಿದ್ದಾಗ ಒಂದು ಗ್ಯಾಪ್ ಬಿಟ್ಟಿರುತ್ತಾರೆ. ಗ್ಯಾಪೇ ಇಲ್ಲದಿದ್ದರೆ ಬಿಸಿಯಾದಾಗ ವಾಲ್ವಿಗೆ ಬೆಳೆಯಲು ಜಾಗ ಇಲ್ಲ, ತಾನು ಕೂರುವ ಸೀಟಿನಿಂದ ಕೂದಲೆಳೆಯಷ್ಟು ದೂರವೇ ನಿಲ್ಲುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಆಮೇಲೆ ಮಿಸ್ ಹೊಡೆಯುವುದು ಇದಕ್ಕೇ. ಸ್ಪೀಡು ಏರಿದರೆ ಒಂದೊಂದು ಸ್ಟ್ರೋಕಿಗೂ ಸಿಗುವ ಸಮಯ ಕಮ್ಮಿ, ಸೋರುವುದೂ ಕಮ್ಮಿ, ಅದಕ್ಕೇ 60ರಲ್ಲಿ ಗೊತ್ತಾಗುವುದಿಲ್ಲ. ನೀವು ಮೊದಲ ದಿನ ಬರೆದದ್ದು ಎಲ್ಲಾ ಇದಕ್ಕೆ ಕೂಡಿ ಬರುತ್ತದೆ.

ಗ್ಯಾಪ್ ಹೇಗೆ ಹೋಯಿತು ಅಂದರೆ ಎರಡು ದಾರಿ. ಒಂದು, ಗ್ಯಾಸ್. ಎಲ್‌ಪಿಜಿ ಒಣಗಿದ ಇಂಧನ. ಪೆಟ್ರೋಲಿನ ಹನಿ ಆವಿಯಾಗುವಾಗ ಸಿಗುವ ತಂಪು ಅದರಲ್ಲಿ ಇಲ್ಲ. ಎಕ್ಸಾಸ್ಟ್ ವಾಲ್ವು ಸೀಟಿನೊಳಕ್ಕೆ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ, ಅದು ಇಳಿದಷ್ಟೂ ಮೇಲಿನ ಗ್ಯಾಪ್ ಮುಚ್ಚುತ್ತದೆ. ಎರಡು, ನಮ್ಮ ಜನ. ಟ್ಯಾಪೆಟ್ ಸ್ವಲ್ಪ ಟಕಟಕ ಅಂದರೆ "ಸದ್ದು ಬರ್ತಿದೆ, ಟೈಟ್ ಮಾಡಿ" ಅಂತ ಕೂರುತ್ತಾರೆ. ಮೆಕ್ಯಾನಿಕ್ಕೂ ಗಿರಾಕಿ ಖುಷಿಯಾಗಲಿ ಅಂತ ಟೈಟ್ ಮಾಡಿ ಕಳಿಸುತ್ತಾನೆ. ಟಕಟಕ ಅನ್ನುವ ಟ್ಯಾಪೆಟ್ಟು ಕಿವಿಗೆ ಕಿರಿಕಿರಿ ಅಷ್ಟೇ. ಸದ್ದೇ ಇಲ್ಲದ ಟ್ಯಾಪೆಟ್ಟು ವಾಲ್ವನ್ನೇ ಸುಡುತ್ತದೆ, ಯಾಕೆಂದರೆ ವಾಲ್ವಿನ ಬಿಸಿ ಹೆಚ್ಚಾಗಿ ಇಳಿಯುವುದು ಸೀಟಿಗೆ ಗಟ್ಟಿಯಾಗಿ ಕೂತಾಗಲೇ.

ಸಾಗರ_800

ಅಣ್ಣ, ಹಿಂದೊಂದು ಸಲ ಸರ್ವೀಸ್ ಮಾಡಿಸಿದಾಗ "ಸದ್ದು ಪೂರ್ತಿ ನಿಲ್ಲಿಸಿ ಕೊಟ್ಟಿದ್ದೇವೆ" ಅಂತ ಹೆಮ್ಮೆಯಿಂದ ಹೇಳಿದ್ದರು. ಅಪ್ಪ ಅವರಿಗೆ ಟಿಪ್ಸ್ ಬೇರೆ ಕೊಟ್ಟರು.

ತುಮಕೂರು_ಟಾರ್ಕ್

😂😂

ಸಾಗರ_800

ಫೀಲರ್ ಗೇಜ್ ಹಾಕಿಸಿದೆ. ಮೂರನೇ ಎಕ್ಸಾಸ್ಟ್‌ಗೆ 0.05 ಮಿಲಿಮೀಟರಿನ ಎಲೆಯೂ ನುಗ್ಗಲಿಲ್ಲ. ಒಂದು, ಎರಡರ ಎಕ್ಸಾಸ್ಟ್ ಕೂಡ ಬಿಗಿ ಇದ್ದವು, ಆದರೆ ಇಷ್ಟಲ್ಲ. ಇಂಟೇಕ್ ಮೂರೂ ಪರವಾಗಿಲ್ಲ. ಮ್ಯಾನುಯಲ್‌ನಲ್ಲಿರುವ ತಣ್ಣಗಿನ ಅಳತೆಗೆ ಎಲ್ಲವನ್ನೂ ಸೆಟ್ ಮಾಡಿಸಿದೆ. ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಹೊಸದು ಹಾಕಿದ್ದು ಬಿಟ್ಟರೆ ಬೇರೆ ಸಾಮಾನು ಏನೂ ಬೇಕಾಗಲಿಲ್ಲ.

ಸೊರಬದ ತನಕ ಹೋಗಿ ಬಂದೆ. ಬಿಸಿಯಲ್ಲಿ ಐಡಲಿಂಗ್ ನಿಂತಿದೆ. ಕನ್ನಡಿ ನಡುಗುತ್ತಿಲ್ಲ. ಟ್ಯಾಪೆಟ್ ಸದ್ದು ಸ್ವಲ್ಪ ಬರುತ್ತಿದೆ, ಅಪ್ಪನಿಗೆ ವಿವರಿಸಿ ಸಾಕಾಯಿತು. ಬಿಸಿಯಲ್ಲೇ ಕಂಪ್ರೆಷನ್ ಮತ್ತೆ ನೋಡಿಸಿದೆ: 11.5, 11.5, 9.5.

ಬೆಂಗಳೂರು_ಬಾನೆಟ್

ಸೂಪರ್! ಇಸಿಎಂ ದುಡ್ಡು ಉಳಿಯಿತು.

ಗ್ಯಾರೇಜ್_ಅಣ್ಣ

ಸಂತೋಷ. ಆದರೆ 9.5 ನನಗೆ ಪೂರ್ತಿ ಸಮಾಧಾನ ಇಲ್ಲ. ಉಳಿದೆರಡಕ್ಕಿಂತ ಎರಡು ಕೆಜಿ ಕಮ್ಮಿ. ವಾಲ್ವಿನ ಅಂಚು ಸ್ವಲ್ಪ ಸುಟ್ಟಿರಬಹುದು, ಅಥವಾ ಇಷ್ಟು ದಿನ ಸರಿಯಾಗಿ ಕೂರದೆ ಸೀಟಿನ ಮೇಲೆ ಕಾರ್ಬನ್ ಕಟ್ಟಿರಬಹುದು. ಕಾರ್ಬನ್ ಆದರೆ ಓಡಿಸುತ್ತಾ ಓಡಿಸುತ್ತಾ ಸ್ವಲ್ಪ ಸರಿಹೋಗುತ್ತದೆ.

ಸದ್ಯಕ್ಕೆ ಪೆಟ್ರೋಲಿನಲ್ಲೇ ಓಡಿಸಿ. ಸಾವಿರ ಕಿಲೋಮೀಟರ್ ಆದ ಮೇಲೆ ತಣ್ಣಗಿರುವಾಗ ಗ್ಯಾಪ್ ಮತ್ತೆ ಅಳೆಯಿರಿ. ಹಾಗೇ ಉಳಿದಿದ್ದರೆ ಅದು ಯಾರೋ ಟೈಟ್ ಮಾಡಿದ್ದರಿಂದ ಆದದ್ದು, ಇನ್ನು ನೆಮ್ಮದಿ. ಮತ್ತೆ ಮುಚ್ಚಿದ್ದರೆ ಸೀಟು ಸವೆಯುತ್ತಿದೆ. ಆಗ ಹೆಡ್ ಇಳಿಸಲೇಬೇಕು.

ಇಳಿಸುವ ಮೊದಲು ಗಾಳಿ ಬಿಟ್ಟು ನೋಡಬಹುದು. ಪಿಸ್ಟನ್ ಟಾಪಿನಲ್ಲಿಟ್ಟು, ಗೇರ್ ಹಾಕಿ ಎಂಜಿನ್ ತಿರುಗದ ಹಾಗೆ ಮಾಡಿ, ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಕೊಡಿ. ಸೈಲೆನ್ಸರಿನಲ್ಲಿ ಸುಯ್ ಅಂದರೆ ಎಕ್ಸಾಸ್ಟ್ ವಾಲ್ವು. ಏರ್ ಫಿಲ್ಟರ್ ಕಡೆ ಅಂದರೆ ಇಂಟೇಕ್. ಆಯಿಲ್ ಹಾಕುವ ಮುಚ್ಚಳದಲ್ಲಿ ಅಂದರೆ ರಿಂಗ್ಸ್. ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಗಾಳಿ ಬಿಡುವಾಗ ಬೆಲ್ಟು, ಫ್ಯಾನಿನ ಹತ್ತಿರ ಕೈ ಇಡಬೇಡಿ, ಪಿಸ್ಟನ್ ಸ್ವಲ್ಪ ಆಚೀಚೆ ಇದ್ದರೆ ಎಂಜಿನ್ ತಟ್ಟನೆ ತಿರುಗುತ್ತದೆ.

ಡೆಟ್ರಾಯಿಟ್_ಕನ್ನಡಿಗ

ಈ ಗಾಳಿ ಪರೀಕ್ಷೆ ನನಗೆ ಗೊತ್ತೇ ಇರಲಿಲ್ಲ. ಕೋಡ್ ಓದಿ ಓದಿ ಕಿವಿಯಲ್ಲಿ ಕೇಳುವುದೇ ಮರೆತುಹೋಗಿದೆ.

ಸಾಗರ_800

ಎಲ್ಲರಿಗೂ ಅಪ್‌ಡೇಟ್. ಅಣ್ಣ ಹೇಳಿದಷ್ಟು ಕಿಲೋಮೀಟರ್ ಪೆಟ್ರೋಲಿನಲ್ಲೇ ಓಡಿಸಿ ಗ್ಯಾಪ್ ಅಳೆಸಿದೆ. ಒಂದು, ಎರಡು ಅಲುಗಾಡಿಲ್ಲ. ಮೂರನೆಯದು ಸ್ವಲ್ಪ ಕಮ್ಮಿಯಾಗಿದೆ. ಮಿಸ್ಸಿಂಗ್ ಇಲ್ಲ, ಆದರೆ ಗಾಳಿ ಬಿಟ್ಟಾಗ ಸೈಲೆನ್ಸರಿನಲ್ಲಿ ಸಣ್ಣಗೆ ಸುಯ್ ಅನ್ನುವುದು ಕೇಳುತ್ತದೆ. ಮಳೆಗಾಲಕ್ಕೆ ಮುಂಚೆ ಹೆಡ್ ಕೆಲಸ ಮಾಡಿಸಿಬಿಡೋಣ ಅಂತಿದ್ದೇನೆ. ಏನೇನು ಹೇಳಬೇಕು ಅವರಿಗೆ?

ಗ್ಯಾರೇಜ್_ಅಣ್ಣ

ಮೂರನೇ ಎಕ್ಸಾಸ್ಟ್ ವಾಲ್ವ್ ಹೊಸದೇ ಹಾಕಿಸಿ, ಹಳೇದನ್ನೇ ಉಜ್ಜಿ ಹಾಕುವುದು ಬೇಡ. ಸೀಟು ತೀರಾ ಒಳಗೆ ಹೋಗಿದ್ದರೆ ಲೇತಿನವರ ಹತ್ತಿರ ಗಟ್ಟಿ ಸೀಟ್ ಇನ್ಸರ್ಟ್ ಹಾಕಿಸಬೇಕು, ಗ್ಯಾಸ್ ಗಾಡಿ ಅಂತ ಮೊದಲೇ ಹೇಳಿ. ಲ್ಯಾಪಿಂಗ್ (ವಾಲ್ವನ್ನು ಸೀಟಿಗೆ ಉಜ್ಜಿ ಹೊಂದಿಸುವುದು) ಆದ ಮೇಲೆ ವಾಲ್ವ್ ಕೂರಿಸಿ ಪೋರ್ಟಿಗೆ ಸ್ವಲ್ಪ ಪೆಟ್ರೋಲ್ ಹುಯ್ದು ತೋರಿಸಲು ಹೇಳಿ, ಸೋರಬಾರದು. ಹೆಡ್ ಫೇಸ್ ಸಪಾಟಾಗಿದೆಯಾ ಅಂತ ಪಟ್ಟಿ ಇಟ್ಟು ನೋಡಲಿ, ಸುಮ್ನೆ ಫೇಸಿಂಗ್ (ಮೇಲ್ಮೈ ಕೆತ್ತಿ ಸಮ ಮಾಡುವುದು) ಹೊಡೆಯುವುದು ಬೇಡ. ವಾಲ್ವ್ ಸೀಲುಗಳು ಹೊಸದು. ಟೈಮಿಂಗ್ ಬೆಲ್ಟ್ ಹೇಗೂ ಬಿಚ್ಚುತ್ತಾರೆ, ಅದು ಮತ್ತು ಟೆನ್ಷನರ್ ಒಟ್ಟಿಗೇ ಬದಲಿಸಿ, ವಾಟರ್ ಪಂಪ್ ಸೋರುತ್ತಿದೆಯಾ ಅಂತಲೂ ಆಗಲೇ ನೋಡಿಸಿ. ಗಾಡಿ ಓಡಿಸಲು ಶುರು ಮಾಡಿದ ಮೇಲೆ ಸಾವಿರ ಕಿಲೋಮೀಟರಿಗೆ ಟ್ಯಾಪೆಟ್ ಒಮ್ಮೆ ಸೆಟ್ ಮಾಡಿಸಲೇಬೇಕು, ಹೊಸ ಸೀಟು ಸ್ವಲ್ಪ ಕೂರುತ್ತದೆ. ಅಷ್ಟರವರೆಗೆ ಗ್ಯಾಸ್‌ಗೆ ಹಾಕಬೇಡಿ.

ಸಾಗರ_800

ಬರೆದಿಟ್ಟುಕೊಂಡೆ. ವಾಲ್ವ್ ಶಿವಮೊಗ್ಗದಲ್ಲಿ ಸಿಗುತ್ತದೆಯಂತೆ, ಸೋಮವಾರ ಹೋಗಿ ತರುತ್ತೇನೆ.